ಮಹಾದೇವಿ ಅಜ್ಜಿಯ ನಾಲ್ಕು ಕೈ

"ಉಜ್ಜು, ಇನ್ನೂ ಉಜ್ಜು. ಮೊಣಕೈ ತನಕ ಉಜ್ಜೇ. ಈ ಕೈ ನೋಡಿ ಯಾರಾದ್ರೂ ನಮ್ಮ ಅತ್ತೆ ಕೈ ಅಂತಾರಾ? ಸುಟ್ಟ ಬದನೆಕಾಯಿ ಥರ ಇದೆ."

ಹದಿನಾಲ್ಕನೆಯ ಮಹಡಿಯ ಆ ಫ್ಲ್ಯಾಟಿನಲ್ಲಿ, ವಾಷಿಂಗ್ ಮೆಷೀನಿನ ಪಕ್ಕದ ನಲ್ಲಿಯ ಕೆಳಗೆ ಪಿಳ್ಳಮ್ಮ ಎರಡೂ ಕೈ ಚಾಚಿ ಕುಕ್ಕರಗಾಲಲ್ಲಿ ಕೂತಿದ್ದಳು. ಬಾಗಿಲಲ್ಲಿ ನಿಂತ ಹೇಮಲತಾ ಮೇಡಂ ಬಟ್ಟೆ ಒಗೆಯುವ ಬ್ರಶ್ಶನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದರು. ಐವತ್ತೆಂಟು ವರ್ಷ ಬಿಸಿಲು ಕುಡಿದ ಚರ್ಮ ಅದು, ಅದರ ಬಣ್ಣ ಸೋಪಿಗೆ ಬಿಡುವಂಥದ್ದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಹೇಳಬೇಕಾದವರು ಹೇಳಿದರು, ಉಜ್ಜಬೇಕಾದವಳು ಉಜ್ಜಿದಳು.

ಕೊನೆಗೆ ಮೇಡಂ ತಾವು ಮುಖಕ್ಕೆ ಹಚ್ಚುವ ಕ್ರೀಮಿನ ಬುಡ್ಡಿ ತಂದರು. ಬಾಲ್ಕನಿಯ ಗ್ರಿಲ್ಲಿಗೆ ಬಣ್ಣ ಹೊಡೆಸಿ ಉಳಿದಿದ್ದ ಬ್ರಶ್ಶೊಂದನ್ನು ಅದರಲ್ಲಿ ಅದ್ದಿ, ತಮ್ಮ ಬೆರಳು ತಾಗದ ಹಾಗೆ ದೂರ ನಿಂತು, ಪಿಳ್ಳಮ್ಮನ ಕೈಗೆ ಸುಣ್ಣ ಬಳಿದಂತೆ ಬಳಿದರು. ಅದರ ಮೇಲೆ ಮೂರೆಳೆ ವಿಭೂತಿ. ಎರಡೆರಡು ರೋಲ್ಡ್‌ಗೋಲ್ಡ್ ಬಳೆ. ಬಳೆಗಳನ್ನು ಮಾತ್ರ ನೆಲದ ಮೇಲಿಟ್ಟು, ಪಿಳ್ಳಮ್ಮನೇ ಎತ್ತಿಕೊಳ್ಳುವ ಹಾಗೆ ಮಾಡಿದರು.

"ಮೇಡಂ, ಆ ಮಾತು ಐತಲ್ಲ?"

"ಯಾವ್ದೇ?"

"ಪರ್ದೆ ತೆಗೆಯೋ ಮಾತು."

"ಇದೆ ಇದೆ. ಫೋಟೋ ಎಲ್ಲ ಮುಗೀಲಿ. ಪರದೆ ಸರಿಸಿ, ಇವಳೇ ಪಿಳ್ಳಮ್ಮ, ಹೊಲಿಯೋಳು ಇವಳೇ ಅಂತ ಎಲ್ಲರ ಮುಂದೆ ಹೇಳ್ತೀನಿ. ದೀಪದ ಮುಂದೆ ನಿಂತು ಆಣೆ ಮಾಡಿದ್ದೀನಲ್ಲ, ಮತ್ತೇನು?"

ಆ ಒಂದು ಮಾತಿಗಾಗಿಯೇ ಪಿಳ್ಳಮ್ಮ ಈ ದಿನ ಬಂದಿದ್ದಳು.

ಬೊಮ್ಮಸಂದ್ರದ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಹದಿನೆಂಟು ವರ್ಷ ಕೈಕಸೂತಿ ಮಾಡಿದವಳು ಪಿಳ್ಳಮ್ಮ. ಅಲ್ಲಿಗೆ ಕಸೂತಿ ಮೆಷೀನು ಬಂದ ಮೇಲೆ, ತನ್ನ ಹಳ್ಳಿಯ ಹೊಲದ ಮೇಲೆಯೇ ಎದ್ದಿದ್ದ ಈ ಅಪಾರ್ಟ್‌ಮೆಂಟಿಗೆ ಕಸ ಗುಡಿಸಲು ಸೇರಿದ್ದಳು. ಅವಳ ಸೆರಗಿನ ಅಂಚಿನಲ್ಲಿದ್ದ ಹೂವನ್ನು ಹೇಮಲತಾ ಮೇಡಂ ಕಂಡದ್ದೇ ತಡ, ಪೊರಕೆ ಹೋಗಿ ಕೈಗೆ ಸೂಜಿ ಬಂತು. ಚಿಕ್ಕಪೇಟೆಯಿಂದ ಬಿಳಿಯ ಹತ್ತಿಯ ಕರ್ಚೀಫುಗಳು ಗಂಟಿನಲ್ಲಿ ಬರುತ್ತಿದ್ದವು. ಅವನ್ನು ಟೀ ಡಿಕಾಕ್ಷನ್ನಿನಲ್ಲಿ ಕುದಿಸಿ, ಹಿಂಡದೆ ಮುದುರಿ, ತಾರಸಿಯ ಮೇಲೆ ಒಣಹಾಕಬೇಕು. ಬೆಳಿಗ್ಗೆ ಹುಟ್ಟಿದ ಕರ್ಚೀಫಿಗೆ ಸಂಜೆಯೊಳಗೆ ಎಂಬತ್ತು ವರ್ಷವಾಗುತ್ತಿತ್ತು. ಆಮೇಲೆ ಪಿಳ್ಳಮ್ಮ ಅದರ ಮೂಲೆಯಲ್ಲಿ ಗಿರಾಕಿ ಕೇಳಿದ್ದನ್ನು ಹೊಲಿಯುವಳು. ಒಬ್ಬರಿಗೆ ತೀರಿಹೋದ ತಾತನ ಹೆಸರು, ಇನ್ನೊಬ್ಬರಿಗೆ ಮದುವೆಯ ತಾರೀಖು, ಮತ್ತೊಬ್ಬರಿಗೆ ಸಾಕಿದ ನಾಯಿಯ ಮುಖ. ಕೊಂಡವರು ಅದರಲ್ಲಿ ಬೆವರು ಒರೆಸುತ್ತಿರಲಿಲ್ಲ, ಅವರಿಗೆ ಬೆವರು ಬರುತ್ತಲೂ ಇರಲಿಲ್ಲ. ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು.

ಎರಡು ವರ್ಷ ಹೀಗೇ ನಡೆಯಿತು. ಪಿಳ್ಳಮ್ಮನ ಗಂಡ ಚಿನ್ನಪ್ಪ ಅದೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಸ ಬೇರೆ ಮಾಡುವವನು. ಹೋದ ತಿಂಗಳು ಒಣಕಸದ ಡ್ರಮ್ಮಿನಲ್ಲಿ ಅವನಿಗೊಂದು ದಪ್ಪ ಕಾರ್ಡು ಸಿಕ್ಕಿತು. ಮೇಲೆ ಕರ್ಚೀಫಿನ ಚಿತ್ರ, ಕೆಳಗೆ ಹಣೆತುಂಬ ವಿಭೂತಿ ಧರಿಸಿದ ಬೆಳ್ಳನೆಯ ಮುದುಕಿಯ ಫೋಟೋ. ಸೆಕ್ಯೂರಿಟಿ ನರಸಪ್ಪ ಅದನ್ನು ಓದಿ ಹೇಳಿದ. ಎಂಬತ್ತೊಂದು ವರ್ಷದ ಮಹಾದೇವಿ ಅಜ್ಜಿ ನಸುಕಿಗೆದ್ದು, ಶಿವಪೂಜೆ ಮುಗಿಸಿ, ಮಡಿಯಲ್ಲಿ ಕೂತು, ಒಂದೊಂದು ಹೊಲಿಗೆಗೂ ಶಿವನಾಮ ನುಡಿಯುತ್ತ ತಮ್ಮ ಕೈಯಾರೆ ಹೆಣೆದ ಕುಸುರಿ ಇದು ಎಂದಿತ್ತು.

"ಲೇ ಪಿಳ್ಳಿ," ಎಂದ ಚಿನ್ನಪ್ಪ, "ನಿನ್ ಕೈಗೆ ಯಾರ್ದೋ ಮಕ ಅಂಟ್ಸವ್ರೆ ನೋಡೇ ಬೋಳಿಮಕ್ಳು."

ಪಿಳ್ಳಮ್ಮ ಕಾರ್ಡನ್ನು ಬಹಳ ಹೊತ್ತು ನೋಡಿದಳು. "ನಾನೂ ಶಿವ ಶಿವಾ ಅಂತಾನೇ ಅಲ್ವಾ ಒಲಿಯೋದು."

"ನೀನು ಅಂದ್ರೆ ಶಿವುಂಗೆ ಕೇಳ್ಸಾಕಿಲ್ಲ. ಅದಿನಾಲ್ಕನೇ ಮಾಡೀಲಿ ಅಂದ್ರೆ ಅತ್ರ ಆಯ್ತದೆ."

ಮಹಾದೇವಿ ಅಜ್ಜಿ ಹೇಮಲತಾ ಮೇಡಮ್ಮಿನ ಅತ್ತೆ. ಹಾವೇರಿ ಕಡೆಯವರು, ಮಗನ ಜೊತೆ ಬಂದವರು. ಜನ್ಮದಲ್ಲಿ ಸೂಜಿ ಹಿಡಿದವರಲ್ಲ. ರವಿಕೆಯ ಹುಕ್ಕು ಕಿತ್ತರೆ ಪಿನ್ನು ಚುಚ್ಚಿಕೊಳ್ಳುವವರು. ಅವರ ಫೋಟೋ ಹೋಗಿ ಎಲ್ಲೆಲ್ಲೋ ಮುಟ್ಟಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಕಾವ್ಯಾ ಎಂಬ ಅಧಿಕಾರಿಣಿಯ ಕಣ್ಣಿಗೆ ಬಿತ್ತು. ಕಂಪನಿಯ ಎಲ್ಲರಿಗೂ ಕೊಡುವ ಉಡುಗೊರೆಯ ಆರ್ಡರು ಕೊಡುವ ಮೊದಲು ಅಜ್ಜಿ ಹೊಲಿಯುವುದನ್ನು ಕಣ್ಣಾರೆ ನೋಡಬೇಕು ಎಂದಳು ಆಕೆ. ಪರದೆಯ ಹಿಂದೆ ಕೂತು ಅತ್ತೆಯ ಕೈಯಾಗಿ ಹೊಲಿ ಎಂದು ಕೇಳಲು ಅಂದೇ ಸಂಜೆ ಹೇಮಲತಾ ಮೇಡಂ ಮೊದಲ ಸಲ ಸರ್ವಿಸ್ ಲಿಫ್ಟಿನಲ್ಲಿ ನೆಲಮಾಳಿಗೆಗೆ ಇಳಿದು ಬಂದಿದ್ದರು. ಬೇರೇನೂ ಬೇಡ, ಕೊನೆಯಲ್ಲಿ ನನ್ನನ್ನು ತೋರಿಸಿ ಅಷ್ಟೇ, ಎಂದಿದ್ದಳು ಪಿಳ್ಳಮ್ಮ.

ಹಾಲಿನಲ್ಲಿ ಎತ್ತರದ ಮರದ ಕುರ್ಚಿ ಹಾಕಿದ್ದರು. ಅದರ ಬೆನ್ನಿನ ಬೆತ್ತದ ಹೆಣಿಗೆಯನ್ನು ಕತ್ತರಿಸಿ ತೆಗೆದು, ಹಿಂದೆ ರೇಷ್ಮೆಯ ಪರದೆ ಇಳಿಬಿಟ್ಟು, ಪರದೆಯ ಹಿಂದೆ ಬಚ್ಚಲಮನೆಯ ಪ್ಲಾಸ್ಟಿಕ್ ಸ್ಟೂಲು ಇಟ್ಟಿದ್ದರು. ಕುರ್ಚಿಯಲ್ಲಿ ಅಜ್ಜಿ, ಸ್ಟೂಲಿನ ಮೇಲೆ ಪಿಳ್ಳಮ್ಮ. ಅಜ್ಜಿಯ ಕೈಗಳು ದೊಡ್ಡ ಶಾಲಿನೊಳಗೆ ಹೊಟ್ಟೆಯ ಮೇಲೆ ಮಡಚಿಕೊಂಡವು. ಪಿಳ್ಳಮ್ಮನ ಕೈಗಳು ಪರದೆಯ ಸೀಳಿನಿಂದ ಬಂದು ಅಜ್ಜಿಯ ಕಂಕುಳ ಕೆಳಗೆ ತೂರಿ ಶಾಲಿನಿಂದ ಹೊರಬಿದ್ದವು. ಕಣ್ಣಿಗೂ ಅದೇ ಸಂದಿಯೇ ದಾರಿ.

"ಯವ್ವಾ," ಎಂದರು ಅಜ್ಜಿ, ತಿರುಗದೆ. "ನಂದು ಪೂಜಿ ಆಗೇತಿ. ಮೈಗೆ ತಾಗಬ್ಯಾಡ. ಶಾಲಿನ ಮ್ಯಾಲಿಂದ ತಾಗಿದ್ರ ನಡೀತೈತಿ."

"ಕೈ ಮುಂದಕ್ ಬರ್ಬೇಕಲ್ಲ ಅಜ್ಜಿ, ಆಕಾಶದಾಗೆ ತರ್ಲಾ?"

ಅಜ್ಜಿ ಸ್ವಲ್ಪ ಯೋಚಿಸಿದರು. "ಕೈ ಅಂದ್ರ ಇವತ್ತು ನಂದ ಅಲ್ಲೇನು. ತಾಗಲಿ ಬಿಡು."

ಅಪಾರ್ಟ್‌ಮೆಂಟಿನವರು, ಕಂಪನಿಯವರು ಸೇರಿ ನಲವತ್ತು ಜನ ಬಂದರು. ಕೈಗಳು ಹೊಲಿಯತೊಡಗಿದವು. ಒಂದು ದುಂಡು ಮಲ್ಲಿಗೆ, ಎರಡು ಎಲೆ. ಜನ ಉಸಿರು ಬಿಗಿಹಿಡಿದು ನೋಡಿದರು. ಅಜ್ಜಿಯ ಮುಖ ಅತ್ತ ಟೀವಿಯ ಕಡೆಗೆ, ಕೈ ಇತ್ತ ಕರ್ಚೀಫಿನ ಕಡೆಗೆ. ನೋಡದೆಯೇ ಹೊಲಿಯುತ್ತಾರಲ್ಲ, ಎಂಥ ಏಕಾಗ್ರತೆ ಎಂದು ಯಾರೋ ಪಿಸುಗುಟ್ಟಿದರು.

ಒಂಬತ್ತನೆಯ ಮಹಡಿಯ ಶಿವರಾಜ್ ಮುಂದೆ ಬಂದು ಮಂಡಿಯೂರಿದ. ಹೋದ ವಾರ ಲಿಫ್ಟಿನಲ್ಲಿ ಪಿಳ್ಳಮ್ಮ ಇದ್ದಾಳೆಂದು ಮೂಗಿಗೆ ಬೆರಳಿಟ್ಟು, ಇನ್ನೊಂದು ಲಿಫ್ಟು ಬರುವವರೆಗೆ ಕಾದಿದ್ದ ಮನುಷ್ಯ. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದಾಗಿ ಎರಡು ಕಣ್ಣಿಗೂ ಒತ್ತಿಕೊಂಡ.

"ಎಂಥ ಪುಣ್ಯದ ಕೈ ಅಜ್ಜಿ ನಿಮ್ದು. ಮುಟ್ಟಿದ್ರೆ ಮೈ ಜುಮ್ ಅನ್ನುತ್ತೆ."

ಅವನು ಎದ್ದಾಗ ಎರಡೂ ರೆಪ್ಪೆಗೆ ಕ್ರೀಮು ಮೆತ್ತಿತ್ತು. ಕಾರ್ಯಕ್ರಮ ಮುಗಿಯುವ ತನಕ ಅವನು ಕಣ್ಣು ಮಿಟುಕಿಸಿದಾಗಲೆಲ್ಲ ಬೆಳ್ಳಗೆ ಹೊಳೆಯುತ್ತಿದ್ದ. ಅವನ ಹಿಂದೆ ಸಾಲು ಬೆಳೆಯಿತು. ಹತ್ತು ಜನ, ಹದಿನೈದು ಜನ. ಪರದೆಯ ಹಿಂದೆ ಪಿಳ್ಳಮ್ಮನಿಗೆ ನಗು ಬಂತು, ಆಮೇಲೆ ನಗು ಎಲ್ಲಿಗೋ ಹೋಯಿತು. ಇಷ್ಟು ಜನ ಅವಳ ಕೈ ಹಿಡಿದದ್ದು ಅವಳ ಮದುವೆಯಲ್ಲೂ ಇಲ್ಲ.

"ಇನ್ನೊಂದು ಹೂವು ಹಾಕಿ ಅಜ್ಜಿ, ಪ್ಲೀಸ್," ಎಂದಳು ಕಾವ್ಯಾ.

ಆಗ ತೊಡಕಾಯಿತು. ಮೇಡಂ ದಾರ ಪೋಣಿಸಿ ಕೊಟ್ಟಿದ್ದ ಸೂಜಿಗಳೆಲ್ಲ ಮುಗಿದಿದ್ದವು. ಪಿಳ್ಳಮ್ಮ ಕೈ ಒಳಗೆಳೆದು, ಎಂದಿನ ಅಭ್ಯಾಸದಂತೆ ಹೊಸ ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಚೂಪು ಮಾಡಿದಳು. ಆದರೆ ಪರದೆಯ ಕತ್ತಲಲ್ಲಿ ಸೂಜಿಯ ಕಣ್ಣು ಕಾಣಲಿಲ್ಲ. ಹೊರಗೆ ತಂದು ಪೋಣಿಸಲು ಹೋದಳು, ತುದಿ ಬಿಚ್ಚಿಕೊಂಡಿತು. ಮತ್ತೆ ಬಿಚ್ಚಿಕೊಂಡಿತು.

"ಬಾಯಲ್ಲಿ ಒದ್ದೆ ಮಾಡ್ಕೊಳ್ಳಿ ಅಜ್ಜಿ. ನಮ್ಮಜ್ಜಿ ಹಾಗೇ ಮಾಡೋರು," ಎಂದಳು ಕಾವ್ಯಾ. ಎಲ್ಲರೂ ಮೊಬೈಲು ಎತ್ತಿದರು.

ಕೈ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಮೇಲೆದ್ದು ದಾರವನ್ನು ಅಜ್ಜಿಯ ತುಟಿಯ ಮುಂದೆ ಹಿಡಿಯಿತು.

ಈ ದಾರ ಈಗಷ್ಟೇ ಯಾರ ಬಾಯಿಗೆ ಹೋಗಿ ಬಂತೆಂದು ಅಜ್ಜಿಗೆ ಗೊತ್ತು, ಚಪ್ ಎಂಬ ಸದ್ದು ಅವರ ಬೆನ್ನ ಹಿಂದೆಯೇ ಆಗಿತ್ತು. ಬೇರೆಯವರು ಕಚ್ಚಿದ ಹಣ್ಣನ್ನು ಮೊಮ್ಮಗನದಾದರೂ ಮುಟ್ಟದವರು ಅವರು. ಹೇಮಲತಾ ಮೇಡಂ ಗೋಡೆಗೊರಗಿ ಕಣ್ಣು ಮುಚ್ಚಿದರು. ಅಜ್ಜಿಯೂ ಕಣ್ಣು ಮುಚ್ಚಿ, "ಶಿವಾ" ಎಂದು ಬಾಯಿ ತೆರೆದರು. ದಾರ ಒದ್ದೆಯಾಯಿತು. ಮೊದಲ ಸಲಕ್ಕೇ ಸೂಜಿಯ ಕಣ್ಣು ಹೊಕ್ಕಿತು. ಜನ ಚಪ್ಪಾಳೆ ತಟ್ಟಿದರು, ಕಾವ್ಯಾ ಕಣ್ಣೊರೆಸಿಕೊಂಡಳು.

"ಉಪ್ಪುಪ್ಪು ಐತಲ್ಲ ಬೇ," ಎಂದರು ಅಜ್ಜಿ, ತುಟಿ ಅಲ್ಲಾಡದಂತೆ.

"ಬೆವ್ರು ಅಜ್ಜಿ. ಇಲ್ಲಿ ಫ್ಯಾನಿಲ್ಲ."

ಫೋಟೋಗಳು ಮುಗಿದವು. ಆರ್ಡರು ಖಾಯಂ ಎಂದು ಕಾವ್ಯಾ ಮೇಡಮ್ಮಿನ ಕೈಕುಲುಕಿದಳು. ಪಿಳ್ಳಮ್ಮ ಪರದೆಯ ಹಿಂದೆ ಸೀರೆಯ ನೆರಿಗೆ ಸರಿಮಾಡಿಕೊಳ್ಳಲು ಕೈಯಿಲ್ಲದೆ, ಬೆನ್ನು ಮಾತ್ರ ನೆಟ್ಟಗೆ ಮಾಡಿಕೊಂಡು ಕಾದಳು.

"ಎಲ್ಲರೂ ಊಟಕ್ಕೆ ಬನ್ನಿ," ಎಂದರು ಹೇಮಲತಾ ಮೇಡಂ. "ಅಜ್ಜಿಗೆ ಆಯಾಸ ಆಗಿದೆ." ಬಳಿಕ ಅತ್ತೆಯ ಶಾಲು ಸರಿಮಾಡುವ ನೆಪದಲ್ಲಿ ಬಗ್ಗಿದರು. "ಕೈ ಒಳಗೆ ತಗೊಳ್ಳೇ."

"ಪರ್ದೆ, ಮೇಡಂ."

"ಮುಂದಿನ ಸಲ ನೋಡೋಣ."

"ದೀಪದ ಮುಂದೆ ಏಳಿದ್ರಿ."

"ಅದು ಕರೆಂಟಿನ ದೀಪ ಕಣೇ. ಸುಮ್ನೆ ಕೈ ತಗೀತೀಯೋ ಇಲ್ವೋ ದರಿದ್ರದವಳೇ."

ಕೈ ಒಳಗೆ ಹೋಗಲಿಲ್ಲ. ಮೇಡಂ ಶಾಲಿನಡಿ ಉಗುರಿನಿಂದ ಚಿವುಟಿದರು. ಕೈ ಒಂದು ಹೊಲಿಗೆ ಹಾಕಿತು. ಇನ್ನೂ ಬಲವಾಗಿ ಚಿವುಟಿದರು. ಕೈ ಇನ್ನೊಂದು ಹೊಲಿಗೆ ಹಾಕಿತು. ಊಟಕ್ಕೆ ಎದ್ದವರು ಮತ್ತೆ ಕೂತರು.

"ನಿಲ್ಸೋದೇ ಇಲ್ವಲ್ಲ ಇವರು," ಎಂದಳು ಕಾವ್ಯಾ, ಭಕ್ತಿಯಿಂದ.

ಅಜ್ಜಿಗೆ ಸಕ್ಕರೆ ಕಾಯಿಲೆ. ಒಂದೂವರೆ ಗಂಟೆಯಿಂದ ಅಲುಗಾಡದೆ ಕೂತಿದ್ದರು.

"ಯವ್ವಾ, ನನಗ ಒಂದಕ್ಕ ಹೋಗಬೇಕು."

"ಓಗ್ಬನ್ನಿ ಅಜ್ಜಿ."

"ಮತ್ತ ನೀನು?"

"ನಂದಿನ್ನೂ ಒಂದೆಲೆ ಬಾಕಿ ಐತೆ."

ಅಜ್ಜಿ ಸೊಸೆಯ ಮುಖ ನೋಡಿದರು, ಜನರನ್ನು ನೋಡಿದರು. ನಿಧಾನಕ್ಕೆ ಶಾಲಿನಿಂದ ತಮ್ಮ ಎರಡು ಕೈಗಳನ್ನು ಹೊರತೆಗೆದು, ಕುರ್ಚಿಯ ತೋಳಿಗೆ ಊರಿ, "ಶಿವ ಶಿವಾ" ಎನ್ನುತ್ತ ಎದ್ದರು. ಸೀರೆಯ ನಿರಿ ಹಿಡಿದುಕೊಂಡು ಬಚ್ಚಲಿನ ಕಡೆ ನಡೆದರು. ಶಾಲು ಕುರ್ಚಿಯಲ್ಲೇ ಉಳಿಯಿತು. ಶಾಲಿನಿಂದ ಹೊರಬಂದ ಇನ್ನೆರಡು ಕೈ ಎಲೆಯೊಂದರ ನರ ಹೊಲಿಯುತ್ತಿದ್ದವು.

ಶಿವರಾಜ್ ತನ್ನ ಅಂಗೈ ನೋಡಿಕೊಂಡ, ಅಂಗಿಗೆ ಒರೆಸಿಕೊಳ್ಳಲು ಹೋಗಿ, ಸುತ್ತ ಜನ ಇರುವುದು ಕಂಡು ಹಾಗೇ ನಿಂತ. ಕಾವ್ಯಾಳ ಮೊಬೈಲು ಒಮ್ಮೆ ಹೋಗುತ್ತಿದ್ದ ಕೈಗಳ ಕಡೆಗೆ, ಒಮ್ಮೆ ಹೊಲಿಯುತ್ತಿದ್ದ ಕೈಗಳ ಕಡೆಗೆ ತಿರುಗಿತು.

"ಯಾರಿದು?" ಎಂದಳು ಕೊನೆಗೆ.

"ಏನಿಲ್ಲ, ಏನಿಲ್ಲ," ಎಂದರು ಹೇಮಲತಾ ಮೇಡಂ. "ಇದೊಂಥರ ಡೆಮೊ." ಊಟದ ಮೇಜಿನ ಬಿಳಿಯ ಹಾಸನ್ನು ಸೆಳೆದರು. ನಾಲ್ಕು ತಟ್ಟೆ ನೆಲಕ್ಕೆ ಬಿದ್ದವು. ಹಾಸನ್ನು ಕುರ್ಚಿ, ಶಾಲು, ಕೈ ಎಲ್ಲದರ ಮೇಲೆ ಹೊದಿಸಿ, ಅಂಚುಗಳನ್ನು ಒತ್ತಿ ಹಿಡಿದುಕೊಂಡರು.

ಅಜ್ಜಿ ಬಚ್ಚಲಿನಿಂದ ಬಂದು, ಖಾಲಿಯಿದ್ದ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಎಲ್ಲರಂತೆ ನೋಡತೊಡಗಿದರು.

ಬಿಳಿಯ ಹಾಸಿನ ಕೆಳಗೆ ಏನೋ ಅಲುಗಾಡಿತು. ಮೇಡಮ್ಮಿನ ಎರಡು ಹಸ್ತಗಳ ನಡುವೆ, ಬಟ್ಟೆಯನ್ನು ತೂರಿಕೊಂಡು, ಸೂಜಿಯ ಮೊನೆಯೊಂದು ಮೇಲೆದ್ದಿತು. ಬೆಳಕಿಗೆ ಮಿನುಗಿ, ಹಸಿರು ದಾರ ಎಳೆದುಕೊಂಡು, ಮತ್ತೆ ಒಳಗಿಳಿಯಿತು. ಆಮೇಲೆ ಅದರ ಪಕ್ಕದಲ್ಲೇ ಎದ್ದಿತು.