ನಾಲ್ಕು ಸಾಲು ಮರೆ

ನಾಗನಾಥ ಸಾವಕಾರರು ದಿನಾ ಬೈಕಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದ ಫಿಲ್ಟರ್ ನೀರಿನ ಕ್ಯಾನು ಸಂಜೆ ತುಂಬಿದ್ದು ತುಂಬಿದಂತೆಯೇ ಊರಿಗೆ ವಾಪಸ್ಸಾಗುತ್ತಿತ್ತು. ಅವರ ಸೋಯಾ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಗಂಟಲು ಒಣಗಿದರೆ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು, ಅಷ್ಟೆ.

ಶ್ರಾವಣ ಮುಗಿಯುತ್ತ ಬಂದಿದ್ದರೂ ಬಿಸಿಲು ಮಾತ್ರ ಚೈತ್ರದ್ದು. ದ್ರೌಪತಿ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಕೆಳಹೊಟ್ಟೆಯ ಉರಿಯನ್ನು ಹಲ್ಲು ಕಚ್ಚಿ ತಡೆದುಕೊಂಡು ಸಾಲು ಹಿಡಿದಿದ್ದಳು. ಹುಮನಾಬಾದಿನ ಡಾಕ್ಟರು ಎರಡನೇ ಸಲವೂ ಗದರಿಸಿ ಕಳಿಸಿದ್ದರು. "ನೀರು ಕುಡೀರಿ ಅಂದ್ರ ತಿಳಿಯಂಗಿಲ್ಲೇನು? ಹಿಂಗೇ ಮಾಡಿದ್ರ ಕಿಡ್ನಿ ಹೋಗ್ತದ." ಡಾಕ್ಟರಿಗೇನು, ಬಾಗಿಲಿರುವ ಕೋಣೆಯಲ್ಲಿ ಕೂತು ಹೇಳಿದರು.

ಮೊದಲು ಈ ಹೊಲದಲ್ಲಿ ತೊಗರಿ ಇರುತ್ತಿತ್ತು. ಈ ಹೊತ್ತಿಗೆ ಕುಕ್ಕರಗಾಲಿನಲ್ಲಿ ಕೂತವಳ ತಲೆ ಮುಳುಗುವಷ್ಟು ಬೆಳೆದಿರುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಸಾಲಿನೊಳಗೆ ಹೋಗಿ ಬರುತ್ತಿದ್ದರು. ಎರಡು ವರ್ಷ ಮೇಲಿಂದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಕೊಡ ಕವುಚಿದಂತೆ ಸುರಿದು, ನೀರು ನಿಂತು ತೊಗರಿ ಬುಡದಲ್ಲೇ ಕೊಳೆಯಿತು. ಆಮೇಲೆ ಸುತ್ತಲಿನವರೆಲ್ಲ ಬೇಗ ಕೈಗೆ ಬರುವ ಸೋಯಾಕ್ಕೆ ಇಳಿದರು. ಟ್ರ್ಯಾಕ್ಟರ್ ತಿರುಗಲೆಂದು ಬದುವಿನ ಜಾಲಿಯನ್ನೂ ಕಿತ್ತರು. ಈಗ ರಸ್ತೆಯ ತನಕ ಮೊಣಕಾಲೆತ್ತರದ ಹಸಿರು. ಅದೇ ಹೊಲದಲ್ಲಿ ಬೆಳೆಗೆ ಹುಳದ ಎಣ್ಣೆ ಸಿಂಪಡಿಸುತ್ತಿದ್ದ ಅವಳ ಗಂಡ ದಿಗಂಬರನಿಗೆ ಯಾವ ತಕರಾರೂ ಇರಲಿಲ್ಲ. ರಸ್ತೆಗೆ ಬೆನ್ನು ಮಾಡಿದರೆ ಅವನ ಕೆಲಸ ಮುಗಿಯಿತು.

ಬಿತ್ತನೆಯಲ್ಲೇ ದ್ರೌಪತಿ ಕೇಳಿದ್ದಳು. "ಬದುವಿಗೆ ನಾಕ ಸಾಲು ತೊಗರಿ ಹಾಕ್ರಿ ಸಾವಕಾರ್ರ."

"ಬ್ಯಾಳಿ ಬೇಕೇನವಾ? ಮನಿಗಿ ಬಾ, ನಮ್ಮಾಕಿ ಸೂಗಮ್ಮ ಕೊಡ್ತಾಳ."

"ಬ್ಯಾಳಿಗಲ್ರಿ. ಮರಿಗಿ."

"ಮರಿಗಿ? ಆಡ ಯಾವಾಗ ಕಟ್ಟಿದಿ? ಹೊಲ ನಂದು, ಮೇಯೋ ಮರಿ ನಿಂದು. ಬರೋಬ್ಬರಿ ಆಯ್ತು ನೋಡು."

ಸಾವಕಾರರು ಅದನ್ನು ಚಹಾದಂಗಡಿಯಲ್ಲೂ ಹೇಳಿ ನಕ್ಕಿದ್ದರು.

ಇವತ್ತು ಅವರು ಕಪ್ಪು ಛತ್ರಿ ಹಿಡಿದು ಬಂದು ಕ್ಯಾನಿನ ಮುಚ್ಚಳ ತೆಗೆದರು. ನೀರು ಕಂಠದ ತನಕ ಇತ್ತು. ಅವರ ಮುಖ ಸಣ್ಣದಾಯಿತು.

"ನಮ್ಮ ಮುತ್ಯಾ ನಿಮ್ಮ ಓಣಿಯವರಿಗೆ ಬಾವಿ ಮುಟ್ಟಗೊಡ್ತಿರಲಿಲ್ಲ, ಖರೇ. ನಾ ಹಂಗ ಮಾಡೀನೇನು? ಕೈಯಾರೆ ತಂದ ಇಟ್ಟೀನಿ. ಈಗ ನೀವು ನಮ್ಮ ನೀರು ಮುಟ್ಟವಲ್ರಿ. ಸೇಡು ತೀರಿಸಾಕತ್ತೀರೇನು?"

ಪಕ್ಕದ ಸಾಲಿನ ಹುಡುಗಿ ವಿಶಾಖಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ದ್ರೌಪತಿಗೆ ನಗು ಬರಲಿಲ್ಲ. ಎದ್ದು ಬಂದು, ಚರಿಗೆ ತುಂಬಿಕೊಂಡು ಗಟಗಟ ಕುಡಿದಳು. ಇನ್ನೊಂದು ತುಂಬಿ ಅದನ್ನೂ ಕುಡಿದಳು.

"ಸಮಾಧಾನ ಆಯ್ತೇನ್ರಿ? ಈಗ ಛತ್ರಿ ಕೊಡ್ರಿ."

"ಯಾಕ, ಬಿಸಲ ಹತ್ತಾಕತ್ತದೇನು?"

"ಕೊಡ್ರಿ ಅಂದೆ."

ಕೊಟ್ಟರು. ದ್ರೌಪತಿ ಬದುವಿಗೆ ನಡೆದು, ಛತ್ರಿಯನ್ನು ರಸ್ತೆಯ ಕಡೆಗೆ ಅಡ್ಡ ಹಿಡಿದು ಅದರ ಮರೆಗೆ ಕೂತಳು. ಬೆಳಗಿನಿಂದ ತಡೆದದ್ದು.

ಸಾವಕಾರರು ಒಂದು ಗಳಿಗೆ ಛತ್ರಿಯನ್ನೇ ನೋಡಿದರು. ಮತ್ತೆ ಗಕ್ಕನೆ ಹೊರಳಿ ತಮ್ಮ ಚಪ್ಪಲಿ ನೋಡುತ್ತ ನಿಂತರು. ದ್ರೌಪತಿ ತಿರುಗಿ ಬಂದು ಛತ್ರಿಯನ್ನು ಅವರಿಗಲ್ಲ, ವಿಶಾಖಾಳಿಗೆ ಕೊಟ್ಟಳು.

"ಮರಿ ಅಂದ್ರ ಇದೇನು?" ಸಾವಕಾರರು ನೆಲಕ್ಕೆ ಕೇಳಿದರು.

"ಇದೇರಿ."

"ಬಾಯಿ ಬಿಟ್ಟ ಹೇಳಬಾರದೇನು?"

"ಹೇಳಿದ್ನಲ್ರಿ. ನೀವು ನಡು ಆಡ ತಂದ್ರಿ."

ಅವರ ನೆತ್ತಿ ಸುಡತೊಡಗಿತ್ತು. ಟವೆಲ್ ತಲೆಗೆ ಹಾಕಿಕೊಂಡರು. "ಮುಂದಿನ ವರ್ಷ ಬದುವಿಗೆ ತೊಗರಿ ಹಾಕ್ತೀನಿ ತಗೋ. ನಾಕಲ್ಲ, ಆರು ಸಾಲು."

"ಮುಂದಿನ ವರ್ಷ ಮಳಿ ಹ್ಯಾಂಗ ಬರ್ತದೋ, ಏನ ಉಳೀತದೋ," ದ್ರೌಪತಿ ಸಾಲಿಗೆ ಕೂರುತ್ತ ಅಂದಳು. "ನಾಳಿ ನಿಮಗ ಬ್ಯಾರೆ ಛತ್ರಿ ತರ್ರಿ. ಇದು ಇಲ್ಲೇ ಇರ್ತದ."