ಅದು ಊರು ಬಿಡಿಸುವ ಕಾಗದವಲ್ಲ

ತರೀಕೆರೆಯ ಅಕ್ಕಿ ಗಿರಣಿಯೊಂದರಲ್ಲಿ ಬಿದ್ದ ಚೀಲ ಎತ್ತಲು ಹೋಗಿ, ಬೆಲ್ಟಿಗೆ ಸಿಕ್ಕಿ ಕಲ್ಲೇಶಪ್ಪನ ಬಲಗೈಯ ನಾಲ್ಕು ಬೆರಳು ಹೋದವು. ಗಾಯವೇನೋ ಮಾಯಿತು. ಜಗಲಿ ಹಿಡಿದ ಮನುಷ್ಯ ಮಾತ್ರ ಆರು ತಿಂಗಳಾದರೂ ಏಳಲಿಲ್ಲ. ಚೀಲ ಹೊಲಿಯುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡಿದ್ದವನು, ಯಾರಾದರೂ "ಪಾಪ" ಅಂದರೆ ಆ ಕೈಯನ್ನು ಪಂಚೆಯೊಳಗೆ ಮುಚ್ಚಿಕೊಳ್ಳುತ್ತಿದ್ದ. ಹೆಂಡತಿ ಉಚ್ಚಂಗಮ್ಮ ಹಾಗೆ ಅಂದವರನ್ನು ಗದರಿಸಿ ಕಳಿಸುತ್ತಿದ್ದಳು.

ಹಾಗಿದ್ದೂ, ಅವನ ಹೆಸರಿಗೆ ಬಂದ ಸರ್ಕಾರಿ ಕಾಗದವನ್ನು ರಾಗಿ ಮಡಕೆಯಲ್ಲಿ ಬಚ್ಚಿಟ್ಟವಳು ಅವಳೇ!

ಆಸ್ಪತ್ರೆಯ ನರ್ಸ್ ಸುಲೋಚನಮ್ಮ ಮನೆ ಹುಡುಕಿಕೊಂಡು ಬಂದರು. "ಏನಕ್ಕಾ, ನಾನೇ ಬರೆದು ತರಿಸಿದ ಕಾಗ್ದ. ಯಜಮಾನ್ರನ್ನ ಯಾಕೆ ಕಳಿಸ್ಲಿಲ್ಲ?"

"ಅದ್ರಾಗೆ ಪುನರ್ವಸತಿ ಅಂತ ಐತಂತಲ್ಲಮ್ಮಾ, ಪೋಸ್ಟಿನ ರೇವಣಪ್ಪ ಓದಿ ಹೇಳ್ದ. ಭದ್ರಾ ಡ್ಯಾಮಿನ ನೀರು ಬಂದಾಗ ನಮ್ಮಪ್ಪಂಗೂ ಇದೇ ಮಾತು ಹೇಳಿ ಗಾಡಿ ಹತ್ಸಿದ್ರು. ತಿರುಗಿ ಹೋಗಾಕೆ ಊರೇ ಇರ್ಲಿಲ್ಲ. ಇವ್ರನ್ನೂ ಎಲ್ಲಿಗೋ ಕೊಂಡೋದ್ರೆ ನಾನೇನ್ ಮಾಡ್ಲಿ?"

ಸುಲೋಚನಮ್ಮ ನಗಲಿಲ್ಲ. ಅವಳ ಪಕ್ಕದಲ್ಲೇ ಕುಳಿತರು. "ಮಾತು ಒಂದೇ ಕಣಕ್ಕ, ಕೆಲ್ಸ ಬೇರೆ. ಇದು ಊರು ಬಿಡ್ಸೋದಲ್ಲ, ಕೆಲ್ಸಕ್ಕೆ ವಾಪಸ್ ಕಳ್ಸೋದು. ಬೆಂಗ್ಳೂರಲ್ಲಿ ಮೂರು ತಿಂಗ್ಳು ಇರ್ಬೇಕು. ಕೈಗೆ ವ್ಯಾಯಾಮ ಮಾಡಿಸ್ತಾರೆ, ಎಡಗೈ ಪಳಗಿಸ್ತಾರೆ, ಬೇಕಾದ ಸಾಮಾನು ಮಾಡ್ಕೊಡ್ತಾರೆ. ಗಿರಣಿ ಧಣಿ ಹತ್ರಾನೂ ಮಾತಾಡ್ತಾರೆ."

"ಹೋದ ಬೆರಳು ಬತ್ತವಾ?"

"ಬರಲ್ಲ, ಸುಳ್ಳು ಹೇಳಲ್ಲ. ಆದ್ರೆ ಇರೋ ಕೈ ಕೆಲ್ಸ ಕಲೀತದೆ."

ಉಚ್ಚಂಗಮ್ಮ ಎದ್ದು ಮಡಕೆಗೆ ಕೈ ಹಾಕಿದಳು. ಕಾಗದವನ್ನು ಗಂಡನ ತೊಡೆಯ ಮೇಲಿಟ್ಟು, "ಹೋಗ್ ಬನ್ನಿ, ಬಂದ್ಬಿಡಿ ಮತ್ತೆ" ಅಂದಳು. ಕಣ್ಣು ತುಂಬಿತ್ತು.

ಹೇಳಿದಂತೆ ಮೂರು ತಿಂಗಳಿಗೆ ಬಂದ. ಬಲ ಅಂಗೈಗೆ ಚರ್ಮದ ಪಟ್ಟಿ, ಅದಕ್ಕೊಂದು ಕೊಕ್ಕೆ. ಕೊಕ್ಕೆಯಲ್ಲಿ ಚೀಲದ ಬಾಯಿ ಹಿಡಿದು ಎಡಗೈಯಲ್ಲಿ ದಬ್ಬಣ ಓಡಿಸುವುದನ್ನು ಕಲಿತಿದ್ದ. ಧಣಿ ಷಣ್ಮುಖಪ್ಪನವರು ಬೆಲ್ಟಿಗೆ ತಂತಿಬಲೆ ಹಾಕಿಸಿ ಅವನನ್ನು ಕರೆದರು.

ಮೊದಲ ದಿನ ಉಚ್ಚಂಗಮ್ಮ ಬುತ್ತಿಯ ನೆಪದಲ್ಲಿ ಹೋದವಳು ಗಿರಣಿ ಬಾಗಿಲಲ್ಲೇ ನಿಂತುಬಿಟ್ಟಳು. ಹೊಲಿಗೆ ಸ್ವಲ್ಪ ಸೊಟ್ಟಗಿತ್ತು, ಇರಲಿ. ಕಲ್ಲೇಶಪ್ಪ ತಲೆ ಎತ್ತದೆ ಗದರಿದ: "ಲೇ, ಮನೆಗೆ ಹೋಗೇ! ನಂಗೆ ಕೆಲ್ಸ ಐತೆ."

ಬೈಸಿಕೊಂಡು ಇಷ್ಟು ಸುಖಪಟ್ಟ ಹೆಂಗಸನ್ನು ತರೀಕೆರೆ ಕಂಡಿರಲಿಕ್ಕಿಲ್ಲ. ಅಳುತ್ತ ನಗುತ್ತ ಮನೆ ಸೇರಿದಳು.

ಅಕ್ಕಂದಿರೇ, ಅಣ್ಣಂದಿರೇ, ಕೆಲಸದಲ್ಲಿ ಪೆಟ್ಟಾದವರನ್ನು ಹಣೆಬರಹ ಅಂತ ಮೂಲೆಗೆ ಕೂರಿಸಬೇಡಿ. ತಡಮಾಡಿದಷ್ಟೂ ಕೈಕಾಲು ಬಿಗಿಯುತ್ತವೆ, ಮನಸ್ಸೂ ಕುಗ್ಗುತ್ತದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಪುನರ್ವಸತಿ ಸೇವೆ ಎಲ್ಲಿ ಸಿಗುತ್ತದೆ ಅಂತ ಕೇಳಿ. ನಾಳೆ ಬೆಳಿಗ್ಗೆಯೇ ಹೋಗಿ ಕೇಳಿ.