ದರ್ಜಿಯಂಗಡಿಯ ಬಾಣಂತಿ

ಎದುರಿಗೆ ನಿಂತ ಮನುಷ್ಯನ ಸೊಂಟದ ಸುತ್ತಳತೆಯನ್ನು ಟೇಪು ಮುಟ್ಟದೆಯೇ ಹೇಳಬಲ್ಲೆನೆಂದು ಬೀಗುತ್ತಿದ್ದ ದರ್ಜಿಗೆ ತನ್ನ ಬೆಕ್ಕು ಗರ್ಭಿಣಿಯೆಂಬುದು ತಿಳಿಯಲಿಲ್ಲ. ದೋಷವಿದ್ದುದು ಅವನ ಕಣ್ಣಿನಲ್ಲಲ್ಲ, ಸೌಜನ್ಯದಲ್ಲಿ. ಇಷ್ಟು ವರ್ಷಗಳ ಕಸುಬಿನಲ್ಲಿ ಅವನು ಯಾವ ಗಿರಾಕಿಗೂ ‘ನಿಮ್ಮ ಹೊಟ್ಟೆ ಬೆಳೆದಿದೆ’ ಎಂದವನಲ್ಲ. ಹೋದ ವರ್ಷದ ಪ್ಯಾಂಟಿನ ಗುಂಡಿ ಸೇರದೆ ಉಸಿರು ಬಿಗಿಹಿಡಿದು ಬಂದವರಿಗೆಲ್ಲ, ‘ಬಟ್ಟೆ ಕುಗ್ಗಿದೆ ಸಾರ್, ಈಗಿನ ಮಿಲ್ಲುಗಳೇ ಹಾಗೆ’ ಎಂದು ಸಮಾಧಾನ ಹೇಳಿ, ಹೊಲಿಗೆ ಬಿಚ್ಚಿ, ಸಡಿಲಿಸಿ ಕಳಿಸುತ್ತಿದ್ದ. ಒಂದೇ ಸುಳ್ಳನ್ನು ಅಷ್ಟು ಕಾಲ ಅಷ್ಟು ಶ್ರದ್ಧೆಯಿಂದ ಹೇಳಿದವನಿಗೆ ಅದು ಶಾಸ್ತ್ರವೇ ಆಗಿಬಿಡುತ್ತದೆ. ಹೀಗಾಗಿ, ಚಳಿಗೆಂದು ತಾನೇ ಹೊಲಿದು ತೊಡಿಸಿದ್ದ ಉಣ್ಣೆಯ ಅಂಗಿ ಬೆಕ್ಕಿನ ಹೊಟ್ಟೆಯ ಬಳಿ ಬಿಗಿಯಾದಾಗ ಅವನು ಅದನ್ನೂ ಬಿಚ್ಚಿ ಸಡಿಲಿಸಿದ; ಮತ್ತೆ ಬಿಗಿಯಾದಾಗ ಮತ್ತೆ ಸಡಿಲಿಸಿ, ಉಣ್ಣೆಯ ವ್ಯಾಪಾರಿಯನ್ನು ಮನಸಾರೆ ಬೈದು ಸುಮ್ಮನಾದ.

ಇನ್ನೊಂದು ತೊಡಕೂ ಇತ್ತು. ಬೆಕ್ಕಿನ ಹೆಸರು ಧಣಿ. ಅಂಗಡಿಗೆ ಕಾಲಿಟ್ಟ ದಿನವೇ ಅದು ಇಸ್ತ್ರಿ ಮೇಜನ್ನೇರಿ ಕುಳಿತು, ಮಿಕ್ಕವರ ಕೆಲಸವನ್ನೆಲ್ಲ ಅರೆಗಣ್ಣಿನಿಂದ ಪರೀಕ್ಷಿಸುತ್ತ, ತಾನು ಮಾತ್ರ ಏನೊಂದೂ ಮಾಡದೆ ಇದ್ದುದರಿಂದ ಅದು ಗಂಡೇ ಇರಬೇಕೆಂದು ದರ್ಜಿಯ ಅಕ್ಕ ತೀರ್ಮಾನಿಸಿದ್ದಳು. ಅಕ್ಕನ ತೀರ್ಮಾನವೆಂದರೆ ಮೇಲ್ಮನವಿಗೆ ಅವಕಾಶವಿಲ್ಲದ್ದು. ಅಂಗಡಿಯ ಹಿಂಬದಿಯಲ್ಲಿ ಕುಳಿತು ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸುವುದು ಅವಳ ಕೆಲಸ; ಮುಂಬದಿಗೆ ಬಂದುಹೋಗುವವರ ಮೇಲೆ ಅಭಿಪ್ರಾಯ ಕೊಡುವುದು ಅವಳ ಧರ್ಮ.

ಒಂದು ಬೆಳಿಗ್ಗೆ ಷಟರ್ ಎತ್ತಿದಾಗ, ಕತ್ತರಿಸುವ ಮೇಜಿನ ಕೆಳಗಿನ ಚೂರುಬಟ್ಟೆಯ ಬುಟ್ಟಿಯಲ್ಲಿ ಧಣಿ ನಾಲ್ಕು ಮರಿಗಳನ್ನು ಹಾಕಿಕೊಂಡು ಮಲಗಿತ್ತು. ಒಂದು ಕಿತ್ತಳೆ ಬಣ್ಣದ್ದು, ಎರಡು ಬೂದು ಪಟ್ಟೆಯವು, ಒಂದು ಕಡುಕಪ್ಪು. ದರ್ಜಿ ಟೇಪು ಕೊರಳಲ್ಲಿಟ್ಟುಕೊಂಡೇ ಮೇಜಿನ ಕೆಳಗೆ ತಲೆ ತೂರಿಸಿ ಕೂಗಿದ.

“ಅಕ್ಕ, ಧಣಿ ಹೆತ್ತುಬಿಟ್ಟಿದಾನೆ!”

“ಬಟ್ಟೆ ಕುಗ್ಗಿರ್ಬೇಕು, ನೋಡು,” ಎಂದಳು ಅಕ್ಕ.

ಆ ದಿನವೇ ಬಂದು ನೋಡಿದ ಪಶುವೈದ್ಯೆ ಎಳೆಯ ವಯಸ್ಸಿನವಳು. ನಯವಾಗಿ ಮಾತಾಡುವುದಕ್ಕೆ ಪುರುಸೊತ್ತಿಲ್ಲದವಳು. ತಾಯಿ, ಮಕ್ಕಳನ್ನು ಒಂದೊಂದಾಗಿ ನೋಡಿ, ಕೈ ತೊಳೆದುಕೊಳ್ಳುತ್ತ ಹೇಳಿದಳು: “ಎಲ್ಲ ಚೆನ್ನಾಗಿವೆ. ಮರಿಗಳು ಹಾಲು ಬಿಟ್ಟು ತಾವೇ ತಿನ್ನೋದು ಕಲೀಬೇಕು. ಒಂದನ್ನೊಂದು ಕಚ್ಚಿ, ಕಚ್ಚಿಸ್ಕೊಂಡು, ಎಷ್ಟು ಕಚ್ಚಬಾರದು ಅಂತಾನೂ ಕಲೀಬೇಕು. ಅದಕ್ಕೆ ಎರಡು ತಿಂಗಳು. ಅಲ್ಲೀತನಕ ಯಾರು ಬಂದು ಹಲ್ಲು ಗಿಂಜಿದ್ರೂ ಕೊಡ್ಬೇಡಿ. ಆಮೇಲೆ ನಿಮ್ಮ ಧಣಿಯಮ್ಮನ್ನ ನನ್ಹತ್ರ ಕರ್ಕೊಂಡ್ಬನ್ನಿ, ಮತ್ತೆ ಮರಿ ಆಗದ ಹಾಗೆ ಆಪರೇಷನ್ ಮಾಡ್ತೀನಿ. ಇಲ್ಲಾಂದ್ರೆ ಅಂಗಡಿ ಬೋರ್ಡು ಬದಲಾಯಿಸ್ಕೋಬೇಕಾಗತ್ತೆ.”

ಅಕ್ಕ ಈ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ದರ್ಜಿಯೂ ತಲೆಯಾಡಿಸಿದ. ಆದರೆ ಅವನು ತಲೆಯಾಡಿಸದ ಮಾತೇ ಜಗತ್ತಿನಲ್ಲಿ ಇರಲಿಲ್ಲ. ಕಷ್ಟ ಶುರುವಾದದ್ದು ಅಲ್ಲಿಂದಲೇ.

ಗಿರಾಕಿಗೆ ಆಗುವುದಿಲ್ಲವೆನ್ನುವುದು ಅವನ ನಾಲಗೆಗೆ ಒಗ್ಗದ ವಿದ್ಯೆ. ಯಾರು ಯಾವ ದಿನ ಕೇಳಿದರೂ ‘ಆಯ್ತು, ರೆಡಿ ಇರತ್ತೆ’ ಎನ್ನುತ್ತಿದ್ದ. ಆ ದಿನ ಬಂದವರಿಗೆ ಕಾಜಾ ಬಾಕಿಯಿರುತ್ತಿತ್ತು. ಮತ್ತೊಂದು ದಿನ ಬಂದರೆ ಇಸ್ತ್ರಿ ಬಾಕಿ. ಮೂರನೆಯ ಸಲ ಬಂದರೆ ಕರೆಂಟು ಇರುತ್ತಿರಲಿಲ್ಲ, ಎದುರು ಅಂಗಡಿಯ ದೀಪ ಉರಿಯುತ್ತಿದ್ದರೂ ಸರಿಯೇ. ತನ್ನ ಮದುವೆಯನ್ನೂ ಹೀಗೆಯೇ ಬರುವ ವರ್ಷಕ್ಕೆ ಹಾಕುತ್ತ ಹಾಕುತ್ತ ಬ್ರಹ್ಮಚಾರಿಯಾಗಿ ಉಳಿದವನು. ಇಷ್ಟಾದರೂ ಗಿರಾಕಿಗಳು ಅವನನ್ನು ಬಿಟ್ಟಿರಲಿಲ್ಲ. ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ನಡೆಸಿ, ಕೂರಿಸಿ, ಕೈ ಎತ್ತಿಸಿ ನೋಡದೆ ಅವನು ಒಂದು ಉಡುಪನ್ನೂ ಮುಗಿಸುತ್ತಿರಲಿಲ್ಲ. ಸಾವಕಾಶವಾಗಿಯಾದರೂ ಕೈಗೆ ಬಂದ ಕೋಟು ಮೈಗೆ ಚರ್ಮದಂತೆ ಕೂರುತ್ತಿತ್ತು.

ಈಗ ಅದೇ ನಾಲಗೆಯಿಂದ ಅವನು ಮರಿಗಳನ್ನು ಹಂಚತೊಡಗಿದ. ಬಂದವರಿಗೆಲ್ಲ ಕಿತ್ತಳೆ ಮರಿಯ ಮೇಲೆಯೇ ಕಣ್ಣು. ಹಲ್ಲಿನ ಡಾಕ್ಟರಿಗೆ ‘ಕೊಡೋಣ’ ಎಂದ; ಬಸ್ ಡಿಪೋದ ಮೇಲ್ವಿಚಾರಕನಿಗೆ ‘ನಿಮ್ದೇ ಅಂತ ತಿಳ್ಕೊಳ್ಳಿ’ ಎಂದ; ಕೊನೆಗೆ, ಬ್ಯಾಂಡ್ ಮಾಸ್ತರಿಗೆ ‘ಭಾನುವಾರ ರೆಡಿ’ ಎಂದುಬಿಟ್ಟ.

ಬ್ಯಾಂಡ್ ಮಾಸ್ತರನೆಂದರೆ ಸಾಮಾನ್ಯ ಗಿರಾಕಿಯಲ್ಲ. ಅವನ ತಂಡಕ್ಕೆಲ್ಲ ಚಿನ್ನದ ಬಣ್ಣದ ಗೊಂಡೆಗಳುಳ್ಳ ಕೆಂಪು ಕೋಟುಗಳನ್ನು ಹೊಲಿಯುವ ಕೆಲಸ ಆಗಷ್ಟೇ ಬಂದಿತ್ತು. ಕೆಂಪು ಬಟ್ಟೆಯ ಥಾನುಗಳು ಕಪಾಟಿನಲ್ಲಿ ರಾಶಿ ಬಿದ್ದಿದ್ದವು. ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಅಂಗಡಿಯ ಬಾಡಿಗೆ, ಇಬ್ಬರ ಊಟ, ಎಲ್ಲವೂ ಆ ಕೆಂಪು ರಾಶಿಯನ್ನೇ ನೆಚ್ಚಿಕೊಂಡಿತ್ತು.

ಮಾಸ್ತರ ಹೊರಟ ಕೂಡಲೇ ಅಕ್ಕ ಸೂಜಿಯನ್ನು ಬಾಯಿಂದ ತೆಗೆದಳು. “ಲೋ, ಭಾನುವಾರ ಏನೋ ರೆಡಿ?”

“ಅವ್ರ ಹೆಂಡ್ತಿ ಹುಟ್ಟಿದ ದಿನ ಅಂತೆ ಕಣಕ್ಕ. ಹೋದ ಸಲ ಮರ್ತು, ಅದರ ಹಿಂದಿನ ಸಲಾನೂ ಮರ್ತು, ಈ ಸಲ ಮನೇಲಿ ಮಾತೇ ಬಂದ್ ಆಗಿದೆಯಂತೆ. ಹೇಳ್ದೆ ಕೇಳ್ದೆ ಕೈಗಿಟ್ಟು ಬೆರಗು ಮಾಡ್ಬೇಕಂತೆ.”

“ಬೆಕ್ಕೇನು ಬಳೆಯೇನೋ, ಬೇಡ ಅಂದ್ರೆ ಪೆಟ್ಟಿಗೇಲಿ ಹಾಕಿಡೋಕೆ? ಅವಳು ಬೇಕು ಅಂದಿದಾಳಾ? ಆ ಮರಿ ಇನ್ನೂ ನೆಟ್ಟಗೆ ನಡೆಯಲ್ಲ, ತಟ್ಟೆಗೆ ಮೂತಿ ಇಟ್ರೆ ಮೂಗೇ ಮುಳುಗತ್ತೆ.”

“ಭಾನುವಾರ ಬಂದಾಗ ಏನಾದ್ರೂ ಹೇಳಿದ್ರಾಯ್ತು.”

“ಏನ್ ಹೇಳ್ತೀಯ? ಮರಿಗೆ ಕಾಜಾ ಬಾಕಿ ಇದೆ ಅಂತಲಾ?”

ಹೇಳಿದರೆ ತಮ್ಮ ಕೇಳುವವನಲ್ಲವೆಂದು ಅರಿತ ಅಕ್ಕ ಮರಿಗಳ ಆಡಳಿತವನ್ನು ತಾನೇ ಕೈಗೆ ತೆಗೆದುಕೊಂಡಳು. ಟೇಪನ್ನು ಕೊರಳಿಗೆ ಹಾಕಿಕೊಂಡು, ಕೇಳಿದವರ ಮನೆಮನೆಗೆ ಹೊರಟಳು. ಹಲ್ಲಿನ ಡಾಕ್ಟರ ಮನೆ ಮೂರನೆಯ ಮಹಡಿಯಲ್ಲಿ. ಅವಳು ನೇರ ಬಾಲ್ಕನಿಗೆ ನಡೆದು, ಕಂಬಿಗಳ ನಡುವೆ ಟೇಪು ಹಿಡಿದು, ಆಮೇಲೆ ಮುಷ್ಟಿಯನ್ನೇ ತೂರಿಸಿದಳು.

“ನೋಡಿ ಡಾಕ್ಟ್ರೇ, ನನ್ನ ಮುಷ್ಟಿ ಹೋಯ್ತು. ಮುಷ್ಟಿ ಹೋದ್ಮೇಲೆ ಮರಿ ಹೋಗತ್ತೆ. ಮರಿ ಹೋದ್ರೆ ಸೀದಾ ರಸ್ತೆಗೇ ಹೋಗತ್ತೆ. ಜಾಲರಿ ಹಾಕ್ಸಿ, ಆಮೇಲೆ ಮಾತು. ಇನ್ನೊಂದ್ವಿಷಯ, ಹಗಲೆಲ್ಲ ಮನೇಲಿ ಯಾರೂ ಇರಲ್ಲ ಅಲ್ವಾ? ಹಾಗಾದ್ರೆ ಒಂದಲ್ಲ, ಜೊತೆಗಿರೋ ಹಾಗೆ ಆ ಎರಡು ಬೂದು ಮರಿ ತಗೊಳ್ಳಿ.”

ದಿನವಿಡೀ ಪರರ ಬಾಯಿ ತೆರೆಸುವ ಮನುಷ್ಯ ತನ್ನ ಬಾಯಿ ಮುಚ್ಚಿಕೊಂಡು ಒಪ್ಪಿದ. ಡಿಪೋದ ಮೇಲ್ವಿಚಾರಕ ಮಾತ್ರ, ‘ದೊಡ್ಡದಾದ್ಮೇಲೆ ಡಿಪೋದಲ್ಲೇ ಬಿಟ್ರಾಯ್ತು, ಇಲಿ ಹಿಡ್ಕೊಂಡು ಇರತ್ತೆ’ ಎಂದದ್ದರಿಂದ, ಅವನ ಮನೆಯ ನೀರನ್ನೂ ಕುಡಿಯದೆ ಎದ್ದು ಬಂದಳು. ಬ್ಯಾಂಡ್ ಮಾಸ್ತರನ ಮನೆಗೆ ಹೋಗುವಂತೆಯೇ ಇರಲಿಲ್ಲ. ಹೋದರೆ ಗುಟ್ಟು ರಟ್ಟಾಗುತ್ತಿತ್ತು.

ಭಾನುವಾರ ಮಾಸ್ತರನೇ ಬಂದ. ಬಗಲಲ್ಲಿ ಸಣ್ಣ ಡ್ರಮ್ಮಿನ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಗಾಳಿಯಾಡಲು ತೂತುಗಳು, ತೂತುಗಳ ಮೇಲೊಂದು ರೇಷ್ಮೆಯ ಪಟ್ಟಿ. ಹಳೆಯ ಕೆಂಪು ಕೋಟನ್ನೇ ತೊಟ್ಟಿದ್ದ, ಹೆಂಡತಿಯ ಎದುರು ಮೆರವಣಿಗೆ ಹೊರಡುವವನಂತೆ.

“ಎಲ್ಲಿ ಟೈಲರ್ರೇ, ನಮ್ಮ ಕೆಂಚ?”

“ಬನ್ನಿ ಮಾಸ್ಟ್ರೇ, ಬನ್ನಿ. ಅದು... ಈಗ ತಾನೇ ಮಲಗ್ತು. ನಾಳೆ ಬಂದ್ರೆ...”

“ಎಬ್ಬಿಸಿ.”

“ಸ್ವಲ್ಪ ನೆಗಡಿ ಥರ. ಬುಧವಾರ ಅಷ್ಟೊತ್ತಿಗೆ...”

“ಟೈಲರ್ರೇ, ಈ ಬುಧವಾರ ನನ್ ಪ್ಯಾಂಟಿಗೂ ಹೇಳಿದ್ರಿ. ಯಾವ ವರ್ಷದ ಬುಧವಾರ ಅಂತ ಇನ್ನೂ ಗೊತ್ತಾಗಿಲ್ಲ. ಹುಟ್ಟಿದ್ಹಬ್ಬ ಇವತ್ತು!” ಎನ್ನುತ್ತ ಮಾಸ್ತರ ಮೇಜಿನ ಕೆಳಗೆ ಬಗ್ಗಿ, ಕಿತ್ತಳೆ ಮರಿಯನ್ನು ಕೊರಳು ಹಿಡಿದು ಎತ್ತಿಬಿಟ್ಟ. ಧಣಿ ಬುಟ್ಟಿಯಲ್ಲೇ ಎದ್ದು ನಿಂತು ಬೆನ್ನು ಬಿಲ್ಲು ಮಾಡಿತು. “ಅದಕ್ಕಿನ್ನೂ ತಿನ್ನೋಕೇ ಬರಲ್ಲ, ಬಿಡಿ ಕೆಳಗೆ,” ಎಂದಳು ಅಕ್ಕ.

ಮರಿ ಅವನ ಎದೆಯ ಮೇಲೆ ತಡವರಿಸಿ, ಮೂತಿಯಿಂದ ಅತ್ತಿತ್ತ ಹುಡುಕಿ, ಕೋಟಿನ ಚಿನ್ನದ ಗೊಂಡೆಯೊಂದನ್ನು ಬಾಯಿಗಿಟ್ಟುಕೊಂಡು ಚೀಪತೊಡಗಿತು.

“ನೋಡಿ ಅಕ್ಕಾವ್ರೇ! ತಿನ್ನೋಕೆ ಬರಲ್ಲ ಅಂತ ಯಾರಂದ್ರು?”

ಅಕ್ಕ ಉತ್ತರಿಸಲು ಬಾಯಿ ತೆರೆದಳು. ಆದರೆ ದರ್ಜಿ ಮರಿಯನ್ನೇ ನೋಡುತ್ತಿದ್ದ. ಹಿಂಗಾಲುಗಳು ಇನ್ನೂ ದೇಹದ ಭಾರಕ್ಕೆ ಒಗ್ಗಿರಲಿಲ್ಲ. ಮುಂಗಾಲುಗಳು ಎಲ್ಲಿ ಊರಬೇಕೆಂದು ತಿಳಿಯದೆ ಗಾಳಿಯಲ್ಲಿ ತೇಲುತ್ತಿದ್ದವು. ಹಾಲು ಬಾರದ ದಾರವನ್ನು ಅದು ಸರ್ವಶಕ್ತಿಯಿಂದ ಎಳೆಯುತ್ತಿತ್ತು. ಗಿರಾಕಿಯ ಮೈಮೇಲೆ ಅರೆಬರೆ ಕೋಟನ್ನು ತೊಡಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡುವಾಗ ಅವನ ಮುಖದಲ್ಲಿ ಮೂಡುತ್ತಿದ್ದ ನಿಷ್ಠುರವಾದ ಗೆರೆ ಈಗಲೂ ಮೂಡಿತು. ಹೇಳಿದ ದಿನ ಕೊಟ್ಟವನಲ್ಲ ಅವನು, ನಿಜ. ಆದರೆ ಕಚ್ಚಾ ಹೊಲಿಗೆಯಲ್ಲಿದ್ದುದನ್ನು ಯಾರ ಕೈಗೂ ಒಪ್ಪಿಸಿದವನೂ ಅಲ್ಲ.

ಅವನು ಗೊಂಡೆಯಿಂದ ಮರಿಯ ಬಾಯನ್ನು ಮೆತ್ತಗೆ ಬಿಡಿಸಿ, ಎರಡೂ ಕೈಗಳಲ್ಲಿ ತೆಗೆದುಕೊಂಡ.

“ಇದನ್ನ ಕೊಡಲ್ಲ ಮಾಸ್ಟ್ರೇ.”

“ಯಾವತ್ತು ಕೊಡ್ತೀರಿ, ಬುಧವಾರವಾ?”

“ಬುಧವಾರಾನೂ ಇಲ್ಲ. ಇದಿನ್ನೂ ಆಗಿಲ್ಲ. ಆದ್ಮೇಲೂ, ನಿಮ್ಮ ಮನೆಯವ್ರು ಬಾಯ್ಬಿಟ್ಟು ಬೇಕು ಅನ್ನೋವರ್ಗೂ ಕೊಡಲ್ಲ. ನಾನು ಹ್ಞೂಂ ಅಂದಿದ್ದೇ ತಪ್ಪು.”

ಅಕ್ಕ ತೆರೆದ ಬಾಯನ್ನು ಮುಚ್ಚಿದಳು. ತಮ್ಮನ ಬಾಯಿಂದ ‘ಇಲ್ಲ’ ಎಂಬ ಶಬ್ದವನ್ನು ಅವಳು ಕೇಳಿದ್ದು ಅದೇ ಮೊದಲು.

ಮಾಸ್ತರನ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. “ಒಂದು ಯಃಕಶ್ಚಿತ್ ಬೆಕ್ಕಿಗೋಸ್ಕರ! ಕಟ್ಟಿ ಕೊಡಿ ನನ್ನ ಬಟ್ಟೆ. ಎದುರು ಅಂಗಡಿಯವನಿಗೆ ಟ್ರಯಲ್ಲೂ ಬೇಡ, ಏನೂ ಬೇಡ, ಹೇಳಿದ್ ದಿನ ಹೊಲಿದು ಬಿಸಾಕ್ತಾನೆ!”

ದರ್ಜಿ ಥಾನುಗಳನ್ನು ಇಳಿಸಿ, ಅಂಚು ಸರಿಪಡಿಸಿ, ಕಟ್ಟಿಕೊಟ್ಟ. ಮಾಸ್ತರ ರಸ್ತೆ ದಾಟಿದ. ಖಾಲಿಯಾದ ಕಪಾಟು ಹಲ್ಲು ಕಿತ್ತ ಬಾಯಿಯಂತೆ ತೆರೆದು ನಿಂತಿತು.

“ಇನ್ನೇನ್ ತಿನ್ನೋದು ಅಕ್ಕ, ಈ ತಿಂಗಳು?” ಎಂದ ದರ್ಜಿ.

“ಗೊಂಡೆ,” ಎಂದಳು ಅಕ್ಕ. ಆಮೇಲೆ, ಅವಳ ಸ್ವಭಾವಕ್ಕೆ ಸಲ್ಲದ ಮೆಲುದನಿಯಲ್ಲಿ, “ಒಳ್ಳೇ ಕೆಲ್ಸ ಮಾಡ್ದೆ ಕಣೋ,” ಎಂದು ಸೂಜಿಗೆ ದಾರ ಪೋಣಿಸಲು ಕುಳಿತಳು.

ಮರುದಿನ ಅಂಗಡಿಗೆ ಬಂದವಳು ಅಂಚೆ ಕಚೇರಿಯ ಗುಮಾಸ್ತೆ. ಬಾಗಿಲಲ್ಲೇ ನಿಂತು ಕೇಳಿದಳು: “ನನ್ನ ಗಂಡನಿಗೆ ಬೆಕ್ಕು ಕೊಡಲ್ಲ ಅಂದಿದ್ದು ಇಲ್ಲೇನಾ?”

ಅಕ್ಕ ಸೊಂಟಕ್ಕೆ ಕೈಕೊಟ್ಟು ಎದ್ದಳು. “ಇಲ್ಲೇ. ಏನೀಗ?”

“ಏನಿಲ್ಲ. ನಿನ್ನೆ ಹುಟ್ಟಿದ ದಿನಕ್ಕೆ ಒಂದು ಖಾಲಿ ಪೆಟ್ಟಿಗೆ ಕೊಟ್ಟು, ಇದ್ರಲ್ಲಿ ಬೆಕ್ಕು ಇರ್ಬೇಕಿತ್ತು ಅಂದ್ರು. ಮುಚ್ಚಳ ತೆಗ್ದು ನೋಡ್ದೆ, ತೂತು ಚೆನ್ನಾಗಿದ್ವು.” ಅವಳು ಒಳಗೆ ಬಂದು, ಕೈಚೀಲವನ್ನು ಮೇಜಿನ ಮೇಲಿಟ್ಟಳು. “ಮನೇಗೆ ತಂದ್ಬಿಟ್ಟು ಅವ್ರು ತುತ್ತೂರಿ ಎತ್ಕೊಂಡು ಹೊರಟ್ಹೋಗೋರು. ಉಚ್ಚೆ ಒರೆಸೋಳು ನಾನು. ಒಂದ್ಮಾತು ಕೇಳಿದ್ರಾ ನನ್ನನ್ನ?”

“ಅದನ್ನೇ ನಾನೂ ಅಂದಿದ್ದು!” ಎಂದಳು ಅಕ್ಕ, ಮೂರು ಲೋಕವೂ ತನ್ನ ಪರವಾಗಿ ಸಾಕ್ಷಿ ನುಡಿದಂತೆ.

“ಹಾಗಂತ ನಂಗೆ ಬೆಕ್ಕು ಬೇಡ ಅಂತಲ್ಲ. ಎಲ್ಲಿ, ನೋಡೋಣ.”

ಅವಳು ನೆಲದ ಮೇಲೆ ಕುಳಿತಳು, ಮರಿಗಳನ್ನು ಮುಟ್ಟಲಿಲ್ಲ. ಧಣಿಗೆ ಕೈ ಮೂಸಲು ಕೊಟ್ಟು, ಅದು ತಲೆ ತಿಕ್ಕುವವರೆಗೂ ಕಾದಳು. ಕಿತ್ತಳೆ ಮರಿ ತೆವಳಿ ಬಂದು ಅವಳ ಪಾದದ ಮೇಲೆ ಮಲಗಿದಾಗಲೂ ಎತ್ತಿಕೊಳ್ಳಲಿಲ್ಲ. “ಯಾವಾಗ ಕೊಡ್ತೀರ?” ಎಂದು ದರ್ಜಿಯನ್ನು ಕೇಳಿದಳು. ದರ್ಜಿ ಅಭ್ಯಾಸಬಲದಿಂದ ಬಾಯಿ ತೆರೆಯುವ ಮೊದಲೇ ಅಕ್ಕ ದಿನ ಹೇಳಿದಳು. ಆ ಸಂಜೆ ಅವಳ ಮನೆಗೂ ಟೇಪು ಹೋಯಿತು. ಕಿಟಕಿ, ಬಾಗಿಲು, ನೀರಿನ ತೊಟ್ಟಿ ಎಲ್ಲವೂ ತೇರ್ಗಡೆಯಾದವು.

ಅತ್ತ, ಎದುರು ಅಂಗಡಿಯವನು ಕೆಂಪು ಕೋಟುಗಳನ್ನು ಹೇಳಿದ ದಿನಕ್ಕೇ ಹೊಲಿದು ಬಿಸಾಕಿದ. ಬ್ಯಾಂಡು ಅವನ್ನು ತೊಟ್ಟು ಮೊದಲ ಮೆರವಣಿಗೆ ಹೊರಟಿತು. ತೋಳುಗಳು ಸೊಂಟಕ್ಕಿಂತ ಮೇಲೆ ಏಳದೆ, ತುತ್ತೂರಿಗಳು ಹೊಕ್ಕುಳಿಗೆ ಸಂಗೀತ ನುಡಿಸಿದವು; ಕೊಳವೆ ಜಾರಿಸಿ ಊದುವ ಟ್ರಾಂಬೋನಿನವನು ಕೈ ಚಾಚುವ ಸ್ವರ ಬಂದಾಗಲೆಲ್ಲ ಒಂದೊಂದು ಹೊಲಿಗೆ ಕಳೆದುಕೊಂಡು, ಕೊನೆಗೆ ಬರಿಯ ಬನಿಯನ್ನಿನಲ್ಲಿ ಮನೆ ಸೇರಿದ. ಕೋಟುಗಳು ಒಂದೊಂದಾಗಿ, ಕತ್ತಲಾಗುವ ಹೊತ್ತಿಗೆ ತಲೆ ತಗ್ಗಿಸಿದ ವಾದ್ಯಗಾರರ ಬಗಲಲ್ಲಿ, ರಸ್ತೆ ದಾಟಿ ಬರತೊಡಗಿದವು. ದರ್ಜಿ ಒಬ್ಬೊಬ್ಬರನ್ನೂ ನಿಲ್ಲಿಸಿ, ಊದಿಸಿ, ಬಾರಿಸಿ, ತೋಳು ಬಿಚ್ಚಿ ಹೊಲಿದ. ಹೊಸ ಕೋಟು ಹೊಲಿದಷ್ಟು ದುಡ್ಡು ಅದರಲ್ಲಿ ಹುಟ್ಟಲಿಲ್ಲ. ಅಡುಗೆಮನೆಯ ಒಲೆ ಆರದಷ್ಟು ಹುಟ್ಟಿತು.

ಮರಿಗಳ ದಿನ ಬಂತು. ಬಾಲ್ಕನಿಗೆ ಜಾಲರಿ ಬಿಗಿಸಿದ ಹಲ್ಲಿನ ಡಾಕ್ಟರ್ ಬೂದು ಮರಿಗಳೆರಡನ್ನೂ ಒಯ್ದ. ಕಪ್ಪು ಮರಿಯನ್ನು ಕೇಳಿಕೊಂಡು ನಾಲ್ಕಾರು ಜನ ಬಂದಿದ್ದರು. ಆದರೆ ಅಕ್ಕನ ಟೇಪಿಗೆ ಅವರ ಒಂದು ಮನೆಯೂ ಸರಿಬರಲಿಲ್ಲ. ಒಂದರಲ್ಲಿ ಗಾಳಿ ಹೆಚ್ಚು, ಒಂದರಲ್ಲಿ ಗಾಳಿ ಕಡಿಮೆ, ಇನ್ನೊಂದರಲ್ಲಿ ಯಜಮಾನನ ಮೀಸೆ ಸರಿಯಿಲ್ಲ. ಕಪ್ಪು ಮರಿ ಈ ತಕರಾರುಗಳನ್ನೆಲ್ಲ ಅವಳ ಮಡಿಲಲ್ಲೇ ಮಲಗಿ ಕೇಳುತ್ತಿತ್ತು. ದರ್ಜಿ ಏನೋ ಹೇಳಹೋಗಿ, ಅವಳ ಮುಖ ನೋಡಿ, ಕತ್ತರಿ ಹುಡುಕುವ ನೆವದಿಂದ ಬೇರೆ ಕಡೆ ತಿರುಗಿದ.

ಮಾಸ್ತರನ ಹೆಂಡತಿ ಗಂಡನನ್ನೂ ಜೊತೆಗೆ ಕರೆತಂದಿದ್ದಳು. ಅವನ ಕೋಟಿನ ಸರದಿ ಇನ್ನೂ ಬಂದಿರಲಿಲ್ಲ. ತೋಳುಗಳು ಮೈಗೆ ಅಂಟಿಕೊಂಡಿದ್ದವು. ಆ ತೋಳುಗಳಲ್ಲಿ, ಮರಿಯ ಶೌಚಕ್ಕೆಂದು ಮರಳು ತುಂಬಿದ ಅಗಲವಾದ ತಟ್ಟೆಯೊಂದಿತ್ತು.

“ಮೊದಲ ಕೆಲವು ದಿನ ಒಂದೇ ಕೋಣೇಲಿ ಇಟ್ಕೊಳಮ್ಮ,” ಎಂದಳು ಅಕ್ಕ. “ತಾಯಿ ಮಲಗಿದ್ದ ಬಟ್ಟೆ ಇದು, ವಾಸನೆಗೆ ಜೊತೇಲಿರ್ಲಿ. ಹುಡುಕಿ ಅತ್ರೆ ಗಾಬರಿ ಬೀಳ್ಬೇಡ. ಇಲ್ಲಿ ತಾಯೀನೂ ಕೂಗ್ತಾಳೆ, ಇಬ್ರಿಗೂ ಕಡಿಮೆಯಾಗತ್ತೆ.”

ಹೆಂಡತಿ ಮರಿಯನ್ನು ಎದೆಗವಚಿಕೊಂಡಳು. ಮಾಸ್ತರ ದರ್ಜಿಯ ಹತ್ತಿರ ಸರಿದು ಪಿಸುಗುಟ್ಟಿದ: “ಟೈಲರ್ರೇ, ಈ ತಟ್ಟೆ ದಿನಾ ನಾನೇ ಚೊಕ್ಕ ಮಾಡ್ಬೇಕಂತೆ. ಮರಿ ನನ್ನ ಆಸೆಗೆ ಬಂದಿದ್ದಂತೆ.”

“ಮಾಡಿ ಮಾಸ್ಟ್ರೇ. ತೋಳು ಬಗ್ಸೋದು ಅಭ್ಯಾಸ ಆಗತ್ತೆ.”

“ನನ್ ಕೋಟು ಯಾವತ್ತು ರೆಡಿ?”

‘ಬುಧವಾರ’ವು ದರ್ಜಿಯ ನಾಲಗೆಯ ತುದಿಯವರೆಗೂ ಬಂದು, ಅಲ್ಲಿಯೇ ನಿಂತಿತು.

“ಗೊತ್ತಿಲ್ಲ ಮಾಸ್ಟ್ರೇ,” ಎಂದ.

ಹೆಂಡತಿ ಮರಿಯೊಡನೆ ಮುಂದೆ ನಡೆದಳು. ಮಾಸ್ತರ ಚಿನ್ನದ ಗೊಂಡೆಗಳನ್ನು ಕುಲುಕಿಸುತ್ತ, ಮರಳು ಚೆಲ್ಲದಂತೆ ತಟ್ಟೆಯನ್ನು ಸಮನಾಗಿ ಹಿಡಿದು, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹಿಂಬಾಲಿಸಿದ. ಬೀದಿಯ ಜನ ಬದಿಗೆ ಸರಿದು, ಮಿಕ್ಕ ಬ್ಯಾಂಡು ಎಲ್ಲಿ ಎಂದು ಕತ್ತು ಉದ್ದ ಮಾಡಿ ನೋಡಿದರು.